ನಮ್ಮ ಓಣಿಯ ನಡಿಗೆ: ಜೂನ್‌ನಿಂದ ಇಲ್ಲಿಯವರೆಗೆ

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಓಣಿಯ ಮನೆಮಂದಿಯೆಲ್ಲ ದಿನದ ಕೆಲಸದಲ್ಲೇ ಸ್ವಲ್ಪ ಜಾಸ್ತಿ ಮೈ ದಣಿಸಲಿ ಅಂತ ಶುರು ಮಾಡಿದ ಕೆಲಸ ಇದು. 'ಬೆಳಿಗ್ಗೆ ವಾಕಿಂಗ್‌ಗೆ ಬರ್ರಿ' ಅಂತ ಯಾರನ್ನೂ ಕರೆಯಲಿಲ್ಲ. ನಸುಕಿನಲ್ಲೇ ಎದ್ದು ಡಬ್ಬಿ ಕಟ್ಟುವ ತಾಯಂದಿರಿಗೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ಹೇಗೂ ಹೋಗಲೇಬೇಕಾದ ಕಡೆ ನಡೆದು ಹೋಗೋಣ, ಗಾಡಿ ಮನೆಯಲ್ಲೇ ಇರಲಿ ಅಂದೆವು.

ಜೂನ್‌ನಲ್ಲಿ ಶಾಲೆಯ ದಾರಿಯಿಂದಲೇ ಶುರು. ಮಕ್ಕಳ ಕಾಲಿಗೆ ಅದು ಹದಿನೈದು ನಿಮಿಷದ ದಾರಿ. ಮಗುವನ್ನು ಬಿಟ್ಟು ವಾಪಸ್ ಬರುವ ತಾಯಿಗೋ ತಂದೆಗೋ 30 ನಿಮಿಷ ಆಯಿತು. ವಾರಕ್ಕೆ ಐದು ದಿನ ಅಂದರೆ 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ ಕನಿಷ್ಠ ಲೆಕ್ಕ ಸರಿಯಾಗಿ ಇಷ್ಟೇ! ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಆಗಬೇಕು ಅನ್ನೋ ಹಳೇ ಷರತ್ತನ್ನೂ ಆಗ ಕೈಬಿಟ್ಟರು. ನಡಿಗೆ ಮಾತ್ರ ಚುರುಕಾಗಿರಬೇಕು. ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ನಮ್ಮ ಏರು ಇಳುಕಲಿನ ರಸ್ತೆಗಳಲ್ಲಿ ಅದಕ್ಕೆ ಬೇರೆ ಪ್ರಯತ್ನವೇ ಬೇಡ.

ಜುಲೈನ ಜಿಟಿಜಿಟಿ ಮಳೆಗೆ ಮಕ್ಕಳು ಹೆದರಲಿಲ್ಲ. ರೇನ್‌ಕೋಟ್ ಹಾಕಿಕೊಂಡು ನೀರು ಹಾರಿಸುತ್ತಾ ನಡೆದರು. ನಿಜವಾದ ತೊಂದರೆ ಬ್ಯಾಗಿನದು. 2020ರ ಶಾಲಾ ಬ್ಯಾಗ್ ನೀತಿ ಪ್ರಕಾರ ಬ್ಯಾಗಿನ ಭಾರ ಮಗುವಿನ ತೂಕದ ಶೇ 10ಕ್ಕಿಂತ ಜಾಸ್ತಿ ಇರಬಾರದು. 25 ಕೆ.ಜಿ. ಮಗುವಿಗೆ ಎರಡೂವರೆ ಕೆ.ಜಿ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿದರೆ ಹೆಚ್ಚಿನವು ಅದನ್ನು ದಾಟಿದ್ದವು. ಈಗ ರಾತ್ರಿಯೇ ಟೈಮ್‌ಟೇಬಲ್ ನೋಡಿ ಬೇಡದ ಪುಸ್ತಕ ತೆಗೆದಿಡುತ್ತಾರೆ. ನಿವೃತ್ತರಾದ ಅಜ್ಜ ಒಬ್ಬರು ಮನೆಮನೆಯ ಮುಂದೆ ನಿಂತು ಮಕ್ಕಳನ್ನು ಕೂಡಿಸಿಕೊಂಡು ಹೊರಡುತ್ತಾರೆ. ಅವರು ಬಂದ ಮೇಲೆ ತಪ್ಪಿಸಿಕೊಳ್ಳುವವರು ಬಹಳ ಕಡಿಮೆಯಾದರು.

ಆದರೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೇಕು. ಶಾಲೆಗೆ ಹೋಗಿ ಬಂದರೆ ಅರ್ಧವಷ್ಟೇ ಆಗುತ್ತದೆ. ಉಳಿದದ್ದು ಆಟದಿಂದಲೇ ಬರಬೇಕು ಅಲ್ವಾ? ಇದಕ್ಕೆ ದಾರಿ ಸಿಕ್ಕಿದ್ದು ನಾಗರ ಪಂಚಮಿಯಲ್ಲಿ. ಜೋಕಾಲಿ ಕಟ್ಟಿದಾಗ ಅಜ್ಜಿಯಂದಿರೂ ಹೊರಗೆ ಬಂದರು. ಜೋಕಾಲಿ ಬಿಚ್ಚಿದ ಮೇಲೂ ಬರುವುದು ನಿಲ್ಲಿಸಲಿಲ್ಲ. ಕುಂಟಬಿಲ್ಲೆ, ಲಗೋರಿ ಕಲಿಸಿದ್ದು ಅವರೇ. ಸಂಜೆ ಬೈಕುಗಳನ್ನು ಒಂದೇ ಬದಿಗೆ ನಿಲ್ಲಿಸಿದರೆ ಆಟಕ್ಕೆ ಜಾಗ ಆಗುತ್ತದೆ ಅಂತ ಎಲ್ಲರೂ ಒಪ್ಪಿಕೊಂಡರು. ನನಗೆ ಬಹಳ ಕಾಳಜಿ ಇದ್ದದ್ದು ಸ್ವಲ್ಪ ದೊಡ್ಡ ಹೆಣ್ಣುಮಕ್ಕಳ ಬಗ್ಗೆ. ಏಳನೇ ಕ್ಲಾಸು ದಾಟಿದರೆ ಅವರು ಓಣಿಯಲ್ಲಿ ಆಡುವುದೇ ನಿಂತುಹೋಗುತ್ತದೆ. ತಾಯಂದಿರು ಕಟ್ಟೆಗೆ ಬಂದು ಕೂತ ಮೇಲೆ ಅವರೂ ಬಂದರು. ಮೊದಲು ಹಗ್ಗದಾಟ, ಆಮೇಲೆ ಖೋ ಖೋ. ಒಂದು ಸಂಜೆ ಇಬ್ಬರು ತಾಯಂದಿರು ಸೆರಗು ಸಿಕ್ಕಿಸಿ ಓಡಿದರು. ಅವತ್ತು ನನಗಾದ ಖುಷಿ ಇಷ್ಟಿಷ್ಟಲ್ಲ.

ಕಾಯಿಪಲ್ಲೆ ತರುವುದಕ್ಕೂ ಒಂದು ಸುಲಭದ ಒಪ್ಪಂದ ಆಗಿದೆ. ಹೋಗುವಾಗ ನಡಿಗೆ, ಬರುವಾಗ ಚೀಲ ಭಾರ ಇದ್ದರೆ ಹಂಚಿಕೊಂಡು ಆಟೋ. ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುವ ಕೆಲವರು ಚಿಗರಿ ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿಯುತ್ತಾರೆ. ಫುಟ್‌ಪಾತ್ ಮೇಲೆ ಗಾಡಿ ನಿಂತಿರುವ ಕಡೆ ಚಿಕ್ಕ ಮಕ್ಕಳನ್ನು ಕರೆದೊಯ್ಯುವುದು ಇನ್ನೂ ಕಷ್ಟ. ಅದಕ್ಕೆ ಸದ್ಯ ಒಳದಾರಿಯೇ ಗತಿ.

ಮುಂದಿನ ಸರದಿ ಅಜ್ಜ ಅಜ್ಜಿಯರದು. 65 ದಾಟಿದವರಿಗೆ ನಡಿಗೆ ಒಂದೇ ಸಾಲದು. ಬೀಳದ ಹಾಗೆ ಸಮತೋಲನ ಮತ್ತು ಕಾಲಿನ ಶಕ್ತಿಗಾಗಿ ವಾರಕ್ಕೆ ಮೂರು ದಿನವಾದರೂ ಬೇರೆ ವ್ಯಾಯಾಮ ಬೇಕು. ಕೈ ಊರದೆ ಕುರ್ಚಿಯಿಂದ ಏಳುವುದು ಕೂರುವುದು, ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಇವುಗಳಿಂದ ಶುರು ಮಾಡುತ್ತೇವೆ. ಪಡಸಾಲೆ ದೊಡ್ಡದಿರುವ ಮನೆಯವರು ಸಂಜೆ ಐದಕ್ಕೆ ಜಾಗ ಕೊಡಲು ಒಪ್ಪಿದ್ದಾರೆ. ಮೊಣಕಾಲು ನೋವು ಇರುವವರು ಎಷ್ಟು ಮಾಡಬಹುದು ಅಂತ ಮೊದಲ ದಿನ ಬಂದು ತೋರಿಸಿಕೊಡುವ ಫಿಸಿಯೋಥೆರಪಿಸ್ಟ್ ಒಬ್ಬರು ಬೇಕಾಗಿದ್ದಾರೆ.