ಧಾರವಾಡದ ಕಾರ್ಗಿಲ್ ಸ್ತೂಪಕ್ಕೆ ಹೋದ ದಿನ, ದಾರಿಯುದ್ದಕ್ಕೂ ಮಿರಾಜ್

ಕಾರ್ಗಿಲ್ ಅಂದ ಕೂಡಲೇ ಬೆಟ್ಟ ಹತ್ತುವ ಸೈನಿಕ ಕಣ್ಣ ಮುಂದೆ ಬರುತ್ತಾನೆ. ಬರಲೇಬೇಕು. ಆದರೆ 1999ರಲ್ಲಿ ಅದೇ ಬೆಟ್ಟಗಳ ಮೇಲೆ ವಿಮಾನಗಳೂ ಹೋರಾಡಿದವು. ಅದರಲ್ಲೂ ಮಿರಾಜ್ 2000 ಮಾಡಿದ ಕೆಲಸದ ಬಗ್ಗೆ ನಮ್ಮ ಕಡೆ ಮಾತಾಡುವವರು ಕಡಿಮೆ. ನಮ್ಮ ಕಾಕಾ ಮಾತ್ರ ಜುಲೈ ಬಂತೆಂದರೆ ಬೇರೆ ಮಾತೇ ಆಡುವುದಿಲ್ಲ. ಅವರು ವಾಯುಪಡೆಯಲ್ಲಿ ಆರ್ಮಮೆಂಟ್ ವಿಭಾಗದಲ್ಲಿದ್ದವರು. ಅಂದರೆ ವಿಮಾನಕ್ಕೆ ಬಾಂಬು, ಗುಂಡು ಏರಿಸುವ ಕೆಲಸ. ಕಾರ್ಗಿಲ್ ಯುದ್ಧದ ಹೊತ್ತಿಗೆ ಅವರ ಪೋಸ್ಟಿಂಗ್ ಬೇರೆ ಕಡೆ ಇತ್ತು. ಆದರೂ ಅಲ್ಲಿನ ಒಂದೊಂದು ದಿನದ ಲೆಕ್ಕ ಅವರಿಗೆ ಬಾಯಿಪಾಠ. ಜುಲೈ 26ಕ್ಕೆ, ಕಾರ್ಗಿಲ್ ವಿಜಯ ದಿವಸದಂದು, ಧಾರವಾಡದ ಕಾರ್ಗಿಲ್ ಸ್ತೂಪಕ್ಕೆ ಹೋಗಿ ಹೂವು ಇಟ್ಟು ಬರೋಣ ಅಂದರು. ನಾನೂ ಹೊರಟೆ.

ಗದಗಿನಿಂದ ಬೆಳಗಿನ ರೈಲು. ಮೋಡ ಕವಿದಿತ್ತು. ಹಳಿಯ ಎರಡೂ ಕಡೆ ಎರೆ ಹೊಲ, ಹೆಸರು ಮೊಣಕಾಲುದ್ದ ಬೆಳೆದಿತ್ತು, ನಡುನಡುವೆ ಗೋವಿನಜೋಳ. ಪಂಪನ ಊರು ಅಣ್ಣಿಗೇರಿ ದಾಟುವಷ್ಟರಲ್ಲಿ ಕಾಕಾ ಮೇ ತಿಂಗಳ ಕೊನೆಯ ವಾರಕ್ಕೆ ಹೋಗಿಬಿಟ್ಟಿದ್ದರು.

ವಾಯುಪಡೆ ಯುದ್ಧಕ್ಕೆ ಇಳಿದದ್ದು 1999ರ ಮೇ 26ರಂದು. ಕಾರ್ಯಾಚರಣೆಯ ಹೆಸರು ಸಫೇದ್ ಸಾಗರ್. ಮೊದಲು ಹೋದವು ಮಿಗ್ ವಿಮಾನಗಳು. ಮಾರನೇ ದಿನವೇ ಪೆಟ್ಟು ಬಿತ್ತು. ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಅವರ ಮಿಗ್-27ರ ಎಂಜಿನ್ ನಿಂತುಹೋಯಿತು. ಅವರು ಹೊರಗೆ ಹಾರಿ ಸೆರೆಸಿಕ್ಕರು. ಅವರನ್ನು ಹುಡುಕುತ್ತಾ ಹೋದ ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಅವರ ಮಿಗ್-21ಕ್ಕೆ ಕ್ಷಿಪಣಿ ಬಡಿಯಿತು. ಅಹುಜಾ ಬದುಕಿ ಬರಲಿಲ್ಲ. ಮೇ 28ರಂದು ಒಂದು ಎಂಐ-17 ಹೆಲಿಕಾಪ್ಟರ್ ಉರುಳಿತು. ಅದರಲ್ಲಿದ್ದ ನಾಲ್ವರೂ ಹೋದರು. ಅದಕ್ಕೆ ಬಡಿದದ್ದು ಹೆಗಲ ಮೇಲಿಟ್ಟು ಹಾರಿಸುವ ಸ್ಟಿಂಗರ್ ಕ್ಷಿಪಣಿ.

"ಹೆಗಲ ಮ್ಯಾಲಿನ ಮಿಸೈಲ್ ಎಷ್ಟು ಎತ್ತರಕ್ಕ ಹೋಗತೈತ್ರಿ ಕಾಕಾ? ವಿಮಾನ ಅದಕ್ಕಿಂತ ಮ್ಯಾಲೆ ಹಾರಬಹುದಿತ್ತಲ್ರಿ?" ಅಂದೆ.

"ತಮ್ಮಾ, ನಮ್ಮ ಹೊಲದಾಗ ನಿಂತು ಹೊಡದ್ರ ಆ ಮಾತು ಬ್ಯಾರೆ. ಪಾಕಿಸ್ತಾನದಂವ ಹದಿನಾರು ಹದಿನೇಳು ಸಾವಿರ ಅಡಿ ಗುಡ್ಡದ ಮ್ಯಾಲೆ ಕುಂತಾನ. ಮಿಸೈಲ್ ಅಲ್ಲಿಂದಾನ ಶುರು ಆಗತೈತಿ. ಅದರ ಮ್ಯಾಲೆ ಹಾರಬೇಕಂದ್ರ ನೀ ಎಷ್ಟ ಎತ್ತರಕ್ಕ ಹೋಗಬೇಕು, ನೀನಾ ಹೇಳು."

ಅಷ್ಟು ಎತ್ತರಕ್ಕೆ ಹೋದರೆ ಕೆಳಗಿನ ಬಂಕರ್ ಕಣ್ಣಿಗೇ ಬೀಳುವುದಿಲ್ಲ. ಗಾಳಿ ತೆಳುವಾಗಿರುವುದರಿಂದ ಬಾಂಬು ಬೀಳುವ ರೀತಿಯೂ ಬದಲಾಗುತ್ತದೆ. ಬಯಲು ನಾಡಿಗೆ ಮಾಡಿದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಬಯಲಲ್ಲಾದರೆ ನಾಲ್ಕು ಮಾರು ಆಚೆ ಬಿದ್ದ ಬಾಂಬೂ ಒಂದಿಷ್ಟು ಹಾನಿ ಮಾಡುತ್ತದೆ. ಬೆಟ್ಟದ ಏಣಿನ ಮೇಲೆ ಅಷ್ಟೇ ತಪ್ಪಿದರೂ ಅದು ಸಾವಿರ ಅಡಿ ಕೆಳಗಿನ ಕಣಿವೆಗೆ ಹೋಗಿ ಬೀಳುತ್ತದೆ. ಸಾಲದ್ದಕ್ಕೆ ಗಡಿ ನಿಯಂತ್ರಣ ರೇಖೆ ದಾಟಬಾರದು ಅಂತ ಸರ್ಕಾರದ ಕಟ್ಟಪ್ಪಣೆ. ರೇಖೆ ಕೆಲವೇ ಕಿಲೋಮೀಟರ್ ದೂರ. ಆ ವೇಗದಲ್ಲಿ ಹೋಗುವ ವಿಮಾನ ತಿರುಗಿಕೊಳ್ಳುವುದಕ್ಕೇ ಕೆಲವು ಕಿಲೋಮೀಟರ್ ಬೇಕು. ಈ ಇಕ್ಕಟ್ಟನ್ನು ತಿಳಿಯದೆ "ವಾಯುಪಡೆ ಇನ್ನೂ ಜಾಸ್ತಿ ಮಾಡಬೇಕಿತ್ತು" ಅನ್ನುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಹುಬ್ಬಳ್ಳಿಯಲ್ಲಿ ಇಳಿದೆವು. ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಜಗತ್ತಿನಲ್ಲೇ ಉದ್ದನೆಯದು ಅಂತ ಹೆಸರು. ಕಾಕಾನ ಮೊಣಕಾಲು ನೋವಿಗೆ ಅದನ್ನು ನಡೆದು ಮುಗಿಸುವುದು ಸುಲಭವಲ್ಲ, ನಿಧಾನಕ್ಕೆ ನಡೆದೆವು. ಹೊರಗೆ ಚಿಗರಿ ಬಸ್ಸು ಸಿಕ್ಕಿತು. ವಿದ್ಯಾನಗರ, ಉಣಕಲ್, ನವನಗರ ಒಂದೊಂದಾಗಿ ಹಿಂದೆ ಸರಿದವು. ಉಣಕಲ್ ಕೆರೆ ಮಳೆಯಲ್ಲಿ ಮಸುಕಾಗಿ ಕಂಡಿತು. ನವನಗರ ದಾಟಿದ ಮೇಲೆ ಸೋನೆ ಜೋರಾಯಿತು. ಧಾರವಾಡ ಬಂತು ಅನ್ನುವುದಕ್ಕೆ ಬೋರ್ಡು ಬೇಕಿಲ್ಲ, ಅಲ್ವಾ?

ಬಸ್ಸಿನಲ್ಲಿ ಕಾಕಾ ಮಿರಾಜ್ ಕಥೆ ತೆಗೆದರು. ಫ್ರಾನ್ಸಿನ ದಸಾಲ್ಟ್ ಕಂಪನಿಯ ವಿಮಾನ ಅದು. 1985ರಲ್ಲಿ ಗ್ವಾಲಿಯರ್‌ಗೆ ಬಂದಿಳಿಯಿತು. ನಮ್ಮವರು ಇಟ್ಟ ಹೆಸರು ವಜ್ರ. ತ್ರಿಕೋನ ರೆಕ್ಕೆ, ಒಂದೇ ಎಂಜಿನ್. ಗುರಿಯ ಲೆಕ್ಕ ಹಾಕಿ ಬಾಂಬು ಯಾವಾಗ ಬಿಡಬೇಕು ಅಂತ ಹೇಳುವ ಕಂಪ್ಯೂಟರ್ ಅದರಲ್ಲಿತ್ತು. ಮಿಗ್‌ಗಳಿಗೆ ಪೆಟ್ಟು ಬಿದ್ದ ಮೇಲೆ, ಮೇ ಕೊನೆಗೆ, ಇವನ್ನು ಕರೆಸಿದರು. ಕ್ಷಿಪಣಿ ಮುಟ್ಟದಷ್ಟು ಮೇಲಿಂದ ಹೊಡೆಯುವುದು ಇವಕ್ಕೆ ಸಾಧ್ಯವಿತ್ತು.

ಇಲ್ಲಿ ಕಾಕಾ ದನಿ ಏರಿಸಿದರು. ಮುಂದಿನ ಸೀಟಿನವರು ತಿರುಗಿ ನೋಡಿದರು. ಮಿರಾಜ್ ಜೊತೆ ಬಂದಿದ್ದ ಲೇಸರ್ ಬಾಂಬುಗಳು ದುಬಾರಿ, ಸೇತುವೆಯಂಥ ದೊಡ್ಡ ಗುರಿಗೆ ಮಾಡಿದ್ದು. ಬಂಕರಿಗೆ, ಡೇರೆಗೆ ಅವನ್ನು ಬಳಸಿದರೆ ಸಂಗ್ರಹ ಬೇಗ ಖಾಲಿ. ಹಾಗಾಗಿ ಸಾದಾ ಬಾಂಬುಗಳನ್ನು ಮಿರಾಜ್‌ಗೆ ಕಟ್ಟುವ ವ್ಯವಸ್ಥೆ ಆಯಿತು. ಗುರಿ ಹುಡುಕಿ ಅದರ ಮೇಲೆ ಲೇಸರ್ ಬಿಡುವ ಇಸ್ರೇಲಿನ ಸಾಧನ, ಲೈಟ್ನಿಂಗ್ ಪಾಡ್ ಅನ್ನು ತರಾತುರಿಯಲ್ಲಿ ಜೋಡಿಸಿದರು. ಮಾಮೂಲಿ ದಿನಗಳಲ್ಲಿ ಎಷ್ಟೋ ತಿಂಗಳು ಎಳೆಯುವ ಕೆಲಸ ಅದು. "ಪೈಲಟ್ ಹೆಸರು ಪೇಪರಿನ್ಯಾಗ ಬರತೈತಿ. ಬರಲಿ. ಆದ್ರ ಆ ರಾತ್ರಿಗಳನ್ನ ನಿದ್ದಿಗೆಟ್ಟು ಕಳದವರು ಹ್ಯಾಂಗರಿನ್ಯಾಗಿನ ಹುಡುಗೋರು" ಅಂದರು.

ಜುಬಿಲಿ ಸರ್ಕಲ್‌ನಲ್ಲಿ ಇಳಿದು, ಹೂವಿನವಳ ಹತ್ತಿರ ಸೇವಂತಿಗೆ ಮಾಲೆ ತಗೊಂಡು, ಕಿತ್ತೂರು ಚೆನ್ನಮ್ಮ ಪಾರ್ಕಿನ ಕಡೆ ನಡೆದೆವು. ಸ್ತೂಪ ಇರುವುದು ಅಲ್ಲೇ. ಭಾಷಣ ಮುಗಿದಿತ್ತು. ಎನ್‌ಸಿಸಿ ಹುಡುಗರು ಒದ್ದೆ ಬೂಟಿನಲ್ಲೇ ಸಾಲಾಗಿ ನಿಂತಿದ್ದರು. ಮಾಜಿ ಸೈನಿಕರೊಬ್ಬರು ಪ್ಲಾಸ್ಟಿಕ್ ರೇನ್‌ಕೋಟಿನ ಗುಂಡಿ ಬಿಚ್ಚಿ ಎದೆಯ ಪದಕಗಳು ಕಾಣುವ ಹಾಗೆ ಮಾಡಿಕೊಂಡು ಸೆಲ್ಯೂಟ್ ಹೊಡೆದರು. ಆ ಯುದ್ಧದಲ್ಲಿ ನಮ್ಮ 527 ಯೋಧರು ಪ್ರಾಣ ಕೊಟ್ಟರು. ಕಾಕಾ ಮಾಲೆ ಇಟ್ಟು ಸಾವಧಾನ್ ನಿಂತರು. ಅವರ ಮೊಣಕಾಲು ಆಗ ಒಂಚೂರೂ ಅಲುಗಲಿಲ್ಲ.

ಮಳೆ ಹೆಚ್ಚಾದಾಗ ಪಕ್ಕದ ಒಂದು ಅಂಗಡಿಗೆ ನುಗ್ಗಿದೆವು. ಗಿರ್ಮಿಟ್, ಮಿರ್ಚಿ ಹೇಳಿದೆವು. ನಮ್ಮ ಬೆಂಚಿನ ಮೇಲೇ ಸಪ್ತಾಪುರದ ಕೋಚಿಂಗ್‌ಗೆ ಬರುವ ಒಬ್ಬ ಹುಡುಗ ಕೂತಿದ್ದ. ಊರು ಹಾವೇರಿ ಕಡೆ. ಕಾಕಾನ ಮಾತು ಕಿವಿಗೆ ಬಿದ್ದು ಹತ್ತಿರ ಸರಿದ. "ಅಜ್ಜಾರ, ಟೈಗರ್ ಹಿಲ್ ಮ್ಯಾಲೆ ಬಾಂಬ್ ಹಾಕಿದ ವಿಡಿಯೋ ನೋಡೇನ್ರಿ" ಅಂದ.

ಆ ವಿಡಿಯೋ ಬಹಳ ಜನ ನೋಡಿದ್ದಾರೆ. 1999ರ ಜೂನ್ 24ರ ದಾಳಿ ಅದು. ರಘುನಾಥ್ ನಂಬಿಯಾರ್ ಆ ದಾಳಿಯ ಪೈಲಟ್‌ಗಳಲ್ಲಿ ಒಬ್ಬರು, ಮುಂದೆ ಏರ್ ಮಾರ್ಷಲ್ ಆದರು. ಆಗಿನ ವಾಯುಪಡೆ ಮುಖ್ಯಸ್ಥ ಟಿಪ್ನಿಸ್ ಅವರೂ ಇನ್ನೊಂದು ಮಿರಾಜ್‌ನಲ್ಲಿ ಹಾರಿ ದಾಳಿಯನ್ನು ಕಣ್ಣಾರೆ ಕಂಡರು. ವಿಮಾನದ ಪಾಡ್ ಬಂಕರಿನ ಮೇಲೆ ಲೇಸರ್ ಬಿಡುತ್ತದೆ. ಬಾಂಬಿನ ಮೂತಿಯಲ್ಲಿರುವ ಕಣ್ಣು ಆ ಬೆಳಕನ್ನು ಹಿಡಿದು, ರೆಕ್ಕೆ ತಿರುಗಿಸಿಕೊಂಡು ಅಲ್ಲಿಗೇ ಹೋಗುತ್ತದೆ. ಬಾಂಬು ಬಡಿಯುವವರೆಗೂ ಲೇಸರ್ ಕದಲಬಾರದು. ನಡುವೆ ಮೋಡ ಬಂದರೆ ಮುಗಿಯಿತು. ಜುಲೈ 4ರಂದು ಸೇನೆಯ 18ನೇ ಗ್ರೆನೇಡಿಯರ್ಸ್ ಪಡೆಯ ಯೋಧರು ಕಡಿದಾದ ಬಂಡೆ ಹತ್ತಿ ಟೈಗರ್ ಹಿಲ್ ಗೆದ್ದರು. ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಪರಮವೀರ ಚಕ್ರ ಬಂದದ್ದು ಆ ಕಾಳಗಕ್ಕೇ.

ಆದರೆ ನನ್ನನ್ನು ಕೇಳಿದರೆ ಮಿರಾಜ್‌ನ ದೊಡ್ಡ ಕೆಲಸ ಟೈಗರ್ ಹಿಲ್ ಅಲ್ಲ. ಆ ದಾಳಿಗೂ ಒಂದು ವಾರ ಮುಂಚೆ, ಜೂನ್ 17ರಂದು, ಬಟಾಲಿಕ್ ವಲಯದ ಮುಂಥೋ ಧಾಲೋ ಅನ್ನುವ ಜಾಗದಲ್ಲಿ ನಡೆದದ್ದು. ಹಿಮದ ನಡುವೆ ಡೇರೆಗಳ ದೊಡ್ಡ ಶಿಬಿರ ಅಲ್ಲಿತ್ತು. ಸುತ್ತಲಿನ ಶಿಖರಗಳ ಮೇಲೆ ಕೂತವರಿಗೆ ಊಟ, ಮದ್ದುಗುಂಡು ಎಲ್ಲ ಅಲ್ಲಿಂದಲೇ ಹೋಗುತ್ತಿತ್ತು. ಮಿರಾಜ್‌ಗಳು ಸಾದಾ 250 ಕಿಲೋ ಬಾಂಬುಗಳಲ್ಲೇ ಅದನ್ನು ಧ್ವಂಸ ಮಾಡಿದವು. ಶಿಖರದ ಮೇಲೆ ನೀರು ಸಿಗುವುದಿಲ್ಲ, ಕಾಳು ಬೆಳೆಯುವುದಿಲ್ಲ. ಕೆಳಗಿನ ಉಗ್ರಾಣ ಸುಟ್ಟರೆ ಮೇಲಿನ ಬಂಕರ್ ಎಷ್ಟು ಗಟ್ಟಿಯಿದ್ದರೂ ಅದರೊಳಗಿನವನ ಕೈ ಬರಿದಾಗುತ್ತದೆ. ಬೆಟ್ಟ ಹತ್ತುವ ನಮ್ಮ ಹುಡುಗನಿಗೆ ಎದುರಾಗುವ ಗುಂಡು ಅಷ್ಟು ಕಡಿಮೆಯಾಗುತ್ತದೆ. ಇದರ ವಿಡಿಯೋ ಟೈಗರ್ ಹಿಲ್‌ನಷ್ಟು ಹೆಸರಾಗಲಿಲ್ಲ. ಆಗಬೇಕಿತ್ತು ಅಂತ ನನಗೆ ಅನಿಸುತ್ತದೆ.

ಕಾಕಾ ತಲೆ ಆಡಿಸಿ, "ಅಷ್ಟ ಅಲ್ಲ, ಲೆಕ್ಕ ಕೇಳ್ರಿ" ಅಂದರು. ಮಿರಾಜ್‌ಗಳದ್ದು ಎರಡು ಸ್ಕ್ವಾಡ್ರನ್, ಅಂದರೆ ವಿಮಾನ ತಂಡ. 7ನೇ ಸ್ಕ್ವಾಡ್ರನ್ 240 ದಾಳಿ ಹಾರಾಟ ಮಾಡಿ ಸುಮಾರು 55,000 ಕಿಲೋ ಬಾಂಬು ಹಾಕಿತು. 1ನೇ ಸ್ಕ್ವಾಡ್ರನ್ 274 ಸಲ ಮೇಲೆದ್ದು ಆಕಾಶ ಕಾಯಿತು, ದಾಳಿಗೆ ಹೋದವರ ಬೆಂಗಾವಲಾಯಿತು. ಲೇಸರ್ ಬಾಂಬು ಬಿದ್ದದ್ದು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಸಾದಾ ಬಾಂಬು, ಜನರೇ ನೂಕಿ, ಎತ್ತಿ, ಬಿಗಿದು ಕಟ್ಟಿದ್ದು.

"ಕಟ್ಟೂದು ಹೆಂಗ್ರಿ?" ಅಂತ ಹುಡುಗ ಕೇಳಿದ.

ಕಾಕಾ ಗಿರ್ಮಿಟ್ ತಟ್ಟೆ ಸರಿಸಿದರು. ಟ್ರಾಲಿ ಮೇಲೆ ಬಾಂಬು ತರುವುದು, ರೆಕ್ಕೆಯ ಕೆಳಗೆ ಮಟ್ಟ ಹಿಡಿದು ಎತ್ತುವುದು, ಕೊಕ್ಕೆ ಕೂತಿದೆಯಾ ಅಂತ ಕೈಯಿಂದ ಅಲ್ಲಾಡಿಸಿ ನೋಡುವುದು, ಆಮೇಲೆ ಬಾಂಬು ಸಿಡಿಸುವ ಫ್ಯೂಸ್. ಒಂದೊಂದನ್ನೂ ಬೆಂಚಿನ ಮೇಲೆ ಕೈಯಾಡಿಸಿ ತೋರಿಸಿದರು. ಸೇಫ್ಟಿ ಪಿನ್‌ಗಳಿಗೆ ಉದ್ದನೆಯ ಕೆಂಪು ಪಟ್ಟಿ ಕಟ್ಟಿರುತ್ತದೆ. ವಿಮಾನ ಹೊರಡುವ ಮುಂಚೆ ಅವನ್ನು ಎಳೆದು, ಎಣಿಸಿ, ಕೈ ಮೇಲೆತ್ತಿ ಪೈಲಟ್‌ಗೆ ತೋರಿಸಬೇಕು. ಕಾಕಾ ಎದ್ದು ನಿಂತು ಬಲಗೈ ಎತ್ತಿ, ಬೆರಳ ಸಂದಿಯಿಂದ ಪಟ್ಟಿಗಳು ಜೋತುಬಿದ್ದಿವೆ ಅನ್ನುವ ಹಾಗೆ ಹಿಡಿದರು. "ಅಂವ ನೋಡಿ ತಲಿ ಆಡಸ್ತಾನ. ಅಲ್ಲಿಗೆ ನಮ್ಮ ಕೆಲಸ ಮುಗೀತು. ವಿಮಾನ ತಿರುಗಿ ಬರೂತನಕ ಊಟ ಸೇರೂದಿಲ್ಲ."

ಹುಡುಗನ ಚಹಾ ಆರಿಹೋಗಿತ್ತು. "ನಾನು ಪೈಲಟ್ ಆಗೂದು ಕಷ್ಟ ರೀ. ಕಣ್ಣಿಗೆ ಚಸ್ಮಾ ಐತಿ. ಈ ಕೆಲಸಕ್ಕ ಎಲ್ಲಿ ಕಲಸ್ತಾರ್ರಿ?"

"ಬೆಳಗಾವಿ ಸಾಂಬ್ರಾ ಗೊತ್ತಿಲ್ಲೇನು? ವಿಮಾನ ನಿಲ್ದಾಣದ ಕಡೆ. ಏರ್‌ಮೆನ್ ಟ್ರೈನಿಂಗ್ ಸ್ಕೂಲ್ ಐತಿ. ನಾನೂ ಅಲ್ಲೇ ಕವಾಯತು ಮಾಡಿದಂವ. ಮೊದಲು ಓಡೂದು ರೂಢಿ ಮಾಡಕೊ. ಗಣಿತ, ಇಂಗ್ಲಿಷ್ ಬಿಡಬ್ಯಾಡ. ಚಸ್ಮಾದ ನಂಬರ್ ಎಷ್ಟು?"

ಹುಡುಗ ನಂಬರ್ ಹೇಳಿದ. ಕಾಕಾ ಒಂದು ಕ್ಷಣ ಯೋಚಿಸಿ, ಮೆಡಿಕಲ್ ನಿಯಮ ಈಗ ಹೇಗಿದೆ ಅಂತ ವಿಚಾರಿಸಿ ತಿಳಿಸುತ್ತೇನೆ ಅಂದರು. ಹುಡುಗ ನೋಟ್‌ಬುಕ್ ಹಿಂದಿನ ಹಾಳೆ ಹರಿದು ಫೋನ್ ನಂಬರ್ ಬರೆದುಕೊಟ್ಟ. ಲೈನ್ ಬಜಾರಿನಲ್ಲಿ ಪೇಡೆ ತಗೊಂಡು ನಾವು ಗದಗಿನ ಬಸ್ಸು ಹತ್ತಿದಾಗ, ಕಾಕಾ ಆಗಲೇ ಸಾಂಬ್ರಾದಲ್ಲಿರುವ ಯಾರಿಗೋ ಫೋನ್ ಹಚ್ಚಿದ್ದರು.