ಸಂಪಿನ ತಳ

ತುಮಕೂರು ಪಾಲಿಕೆಗೆ ನಿಲ್ಲೋಣ ಅಂತ ಹೊರಟಿದ್ದೇನೆ. 35 ವಾರ್ಡುಗಳಲ್ಲಿ ನಮ್ಮದೊಂದು. ಮೀಸಲಾತಿಯಲ್ಲಿ ಅದು ಮಹಿಳೆಯರಿಗೆ ಹೋದರೆ ಮನೆಯವಳೇ ನಿಲ್ಲಬೇಕು (ಈಗಲೇ ನಗುತ್ತಿದ್ದಾಳೆ). ಬೆಳಿಗ್ಗೆ ಸುಮ್ನೆ ನಾಲ್ಕು ಬೀದಿ ಸುತ್ತಿದೆ. ಏನೇನು ಹೇಳಬೇಕು ಅಂತ ಚೀಟಿ ಬೇರೆ ಬರೆದುಕೊಂಡಿದ್ದೆ, ಆದರೆ ಕೊನೇ ಮನೆಯ ಅಜ್ಜಿ ಅದನ್ನು ತೆಗೆಯೋಕೂ ಬಿಡದೆ ಕೈ ಹಿಡಿದು ಸಂಪಿನ ಹತ್ತಿರ ಕರೆದುಕೊಂಡು ಹೋಗಿ, ಮುಚ್ಚಳ ಎತ್ತಿ, "ನೋಡಪ್ಪ, ತಳ ಕಾಣ್ತೈತಾ?" ಅಂದರು. ಕಂಡಿತು. ಹೇಮಾವತಿ ನಾಲೆಯಿಂದ ಬುಗುಡನಹಳ್ಳಿ ಕೆರೆಗೆ ನೀರು ಬರಬೇಕು, ಅಲ್ಲಿಂದ ನಮ್ಮ ನಲ್ಲಿಗೆ, ಇದರಲ್ಲಿ ಒಬ್ಬ ಕಾರ್ಪೊರೇಟರ್ ಕೈಲಿ ಎಷ್ಟಿದೆ ಅಂತ ಹೇಳೋಕೆ ಬಾಯಿ ಬರಲಿಲ್ಲ. ನೀರು ಯಾವಾಗ ಬಿಡುತ್ತಾರೆ ಅಂತಾದರೂ ಮೊದಲೇ ತಿಳಿಸಬಹುದು ಅಲ್ವಾ? ಅಷ್ಟೇ ಹೇಳಿದೆ. ಅಜ್ಜಿ ಬೆಲ್ಲದ ಕಾಫಿ ಕೊಟ್ಟರು, ಓಟಿನ ಮಾತು ಮಾತ್ರ ಎತ್ತಲಿಲ್ಲ.