ಆರ್‌ಪಿಜಿ ಕಾಳಗ: ತಲೆ ಓಡಿಸಬೇಕಾದ್ದು ಯಾವಾಗ?

ಸರದಿಯಂತೆ ಆಡುವ ಟರ್ನ್-ಬೇಸ್ಡ್ ಅಂದರೆ ತಲೆ ಇರುವವರಿಗೆ, ನಿಲ್ಲದೆ ಓಡುವ ಆ್ಯಕ್ಷನ್ ಅಂದರೆ ಬೆರಳು ಚುರುಕಾಗಿರುವವರಿಗೆ ಅನ್ನುವ ವಾದ ಆರ್‌ಪಿಜಿ (ಪಾತ್ರಗಳನ್ನು ಬೆಳೆಸುತ್ತಾ ಆಡುವ ವಿಡಿಯೋ ಗೇಮ್) ಆಡುವವರ ನಡುವೆ ಮುಗಿಯುವುದೇ ಇಲ್ಲ. ಎರಡು ಕಡೆಯವರೂ ವೇಗವನ್ನೇ ಅಳೆಯುತ್ತಾ ಕೂರುತ್ತಾರೆ. ನೋಡಬೇಕಾದ್ದು ಬೇರೆ: ಈಗ ಸರಿಯಾಗಿರುವ ನಡೆ ಇನ್ನೊಂದು ಸರದಿ ಕಳೆಯುವಷ್ಟರಲ್ಲಿ ತಪ್ಪಾಗುವ ಸಾಧ್ಯತೆ ಇದೆಯೇ? ಪ್ರತಿ ಕಾಳಗದಲ್ಲೂ ಅದೇ ನಾಲ್ಕು ಸ್ಕಿಲ್ಲನ್ನು ಅದೇ ಕ್ರಮದಲ್ಲಿ ಒತ್ತಿ ಗೆಲ್ಲುತ್ತಿದ್ದೀರಿ ಅಂದರೆ, ಸ್ಕ್ರೀನ್ ನಿಂತಿರಲಿ, ಓಡುತ್ತಿರಲಿ, ಅಲ್ಲಿ ಆಳವೇನೂ ಇಲ್ಲ.

ಮೊದಲು ನಿಂತು ಯೋಚಿಸುವ ಆಟಗಳನ್ನು ನೋಡೋಣ. 2023ರ ಬಾಲ್ಡರ್ಸ್ ಗೇಟ್ 3 ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಟೇಬಲ್ ಆಟದ ಐದನೇ ಆವೃತ್ತಿಯ ನಿಯಮಗಳ ಮೇಲೆ ನಿಂತಿದೆ. ಸರದಿಗೆ ಒಂದು ಆ್ಯಕ್ಷನ್, ಒಂದು ಬೋನಸ್ ಆ್ಯಕ್ಷನ್, ಒಂದಿಷ್ಟು ನಡಿಗೆ; ಜೊತೆಗೆ ಎದುರಾಳಿಯ ನಡೆಗೆ ಓಗೊಡಲು ಒಂದು ರಿಯಾಕ್ಷನ್. ಎದುರಾಳಿ ಮಂತ್ರವಾದಿ ನಿಮ್ಮ ಮುಖ್ಯ ಯೋಧನನ್ನು ಹೋಲ್ಡ್ ಪರ್ಸನ್ ಹಾಕಿ ಅಲುಗಾಡದಂತೆ ಮಾಡಿದ್ದಾನೆ ಅಂದುಕೊಳ್ಳಿ. ಅದು ಕಾನ್ಸಂಟ್ರೇಶನ್ ಬೇಡುವ ಸ್ಪೆಲ್ (ಮಂತ್ರ), ಹಾಕಿದವನ ಏಕಾಗ್ರತೆ ಕೆಟ್ಟರೆ ಮುಗಿಯುತ್ತದೆ. ಏಟು ಬಿದ್ದಾಗಲೆಲ್ಲ ಅವನು 10 ಅಥವಾ ಬಿದ್ದ ಡ್ಯಾಮೇಜ್‌ನ ಅರ್ಧ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಮುಟ್ಟುವ ಸೇವ್ (ದಾಳ ಎಸೆದು ತಡೆದುಕೊಳ್ಳುವ ಯತ್ನ) ಹಾಕಬೇಕು. ಅವನ ಸೇವ್ ಬೋನಸ್ +3 ಇದ್ದರೆ 20 ಮುಖದ ದಾಳದಲ್ಲಿ 7 ಅಥವಾ ಮೇಲೆ ಬಿದ್ದರೆ ಸಾಕು, ಅಂದರೆ ಶೇ. 70. ಈಗ 20 ಡ್ಯಾಮೇಜ್‌ನ ಒಂದೇ ದೊಡ್ಡ ಹೊಡೆತ ಕೊಟ್ಟರೂ ಗುರಿ 10 ದಾಟುವುದಿಲ್ಲ, ಅವನು ಉಳಿದುಕೊಳ್ಳುವ ಅವಕಾಶ ಶೇ. 70 ಆಗಿಯೇ ಇರುತ್ತದೆ. ಅದೇ ಡ್ಯಾಮೇಜನ್ನು 5ರಂತೆ ನಾಲ್ಕು ಏಟಾಗಿ ಒಡೆದು ಕೊಡಿ: ನಾಲ್ಕೂ ಸೇವ್ ಗೆಲ್ಲುವ ಅವಕಾಶ ಶೇ. 24ಕ್ಕೆ ಇಳಿಯುತ್ತದೆ. ಮೊದಲ ಹಂತದ ಮ್ಯಾಜಿಕ್ ಮಿಸೈಲ್ ಮೂರು ಬಾಣ ಬಿಡುತ್ತದೆ, ಶೀಲ್ಡ್ ಸ್ಪೆಲ್ ಅಡ್ಡ ಬರದಿದ್ದರೆ ಒಂದೂ ಗುರಿ ತಪ್ಪುವುದಿಲ್ಲ, ಪ್ರತಿ ಬಾಣಕ್ಕೂ ಬೇರೆ ಬೇರೆ ಸೇವ್. ಡ್ಯಾಮೇಜ್ ಲೆಕ್ಕದಲ್ಲಿ ಸಪ್ಪೆ ಎನಿಸುವ ಸ್ಪೆಲ್ ಈ ಒಂದು ಗಳಿಗೆಯಲ್ಲಿ ಪಾರ್ಟಿಯ (ನಿಮ್ಮ ತಂಡದ) ಅತ್ಯುತ್ತಮ ಆಯುಧ. ಮುಂದಿನ ಸರದಿಯಲ್ಲಿ ಮತ್ತೆ ಸಪ್ಪೆ. ಆಳ ಅಂದರೆ ಇದೇ.

ಅದೇ ಆಟದ ಇನ್ನೊಂದು ಮೂಲೆಯಲ್ಲಿ ಆಳ ಬತ್ತುವುದನ್ನೂ ನೋಡಬಹುದು. ಟೇಬಲ್ ಮೇಲೆ ಆಡುವಾಗ ಇನಿಶಿಯೇಟಿವ್‌ಗೆ, ಅಂದರೆ ಯಾರ ಸರದಿ ಮೊದಲು ಎಂದು ತೀರ್ಮಾನಿಸಲು, 20 ಮುಖದ ದಾಳ. ಇಲ್ಲಿ 4 ಮುಖದ್ದು. ಡೆಕ್ಸ್ಟೆರಿಟಿ (ಚುರುಕು) ಬೋನಸ್ +3 ಇರುವವನಿಗೆ 4ರಿಂದ 7, ಬೋನಸ್ ಇಲ್ಲದವನಿಗೆ 1ರಿಂದ 4. ಹದಿನಾರರಲ್ಲಿ ಒಂದು ಸಲ ಸಮ ಬರಬಹುದು ಅಷ್ಟೇ, ಹಿಂದೆ ಬೀಳುವ ಮಾತೇ ಇಲ್ಲ. ಅಲರ್ಟ್ ಎಂಬ ಫೀಟ್ (ಆಯ್ದುಕೊಳ್ಳುವ ವಿಶೇಷ ಗುಣ) ಇನ್ನೂ 5 ಸೇರಿಸುತ್ತದೆ. ಪಾರ್ಟಿಯ ನಾಲ್ವರೂ ಮೊದಲೇ ಕೈ ಎತ್ತಿದರೆ, ಐದನೇ ಲೆವೆಲ್‌ನ ಫೈಟರ್ ಒಂದು ಹೆಚ್ಚುವರಿ ಆ್ಯಕ್ಷನ್ ಕೊಡುವ ಆ್ಯಕ್ಷನ್ ಸರ್ಜ್ ಬಳಸಿ ನಾಲ್ಕು ಏಟು ಹಾಕಿದರೆ, ಎದುರಾಳಿಯ ಅರ್ಧ ಪಡೆ ತನ್ನ ಸರದಿ ಕಾಣುವ ಮೊದಲೇ ನೆಲಕ್ಕೆ. ಆಮೇಲೆ ಎತ್ತರದ ಜಾಗ, ಬಾಗಿಲ ಇಕ್ಕಟ್ಟು, ಬೆಂಕಿ ಹಚ್ಚಿದ ನೆಲ ಯಾವುದೂ ಲೆಕ್ಕಕ್ಕಿಲ್ಲ. ಟರ್ನ್-ಬೇಸ್ಡ್ ಆಟಗಳಿಗೆ ಅಂಟಿದ ಹಳೇ ರೋಗ ಇದು: ಮೊದಲ ಸುತ್ತಿನಲ್ಲೇ ತೀರ್ಮಾನ, ಉಳಿದದ್ದು ಗುಡಿಸುವ ಕೆಲಸ.

ಈ ರೋಗಕ್ಕೆ ಚೆಂದದ ಮದ್ದು ಅಂದರೆ 2003ರ ಶಿನ್ ಮೆಗಾಮಿ ಟೆನ್ಸೆ 3: ನಾಕ್ಟರ್ನ್‌ನ ಪ್ರೆಸ್ ಟರ್ನ್ ಪದ್ಧತಿ. ಪಾರ್ಟಿಯಲ್ಲಿ ನಾಲ್ವರಿದ್ದರೆ ನಾಲ್ಕು ಐಕಾನ್, ಸಾಮಾನ್ಯ ನಡೆಗೆ ಒಂದು ಖರ್ಚು. ಎದುರಾಳಿಯ ದೌರ್ಬಲ್ಯಕ್ಕೆ ಹೊಡೆದರೆ ಅಥವಾ ಕ್ರಿಟಿಕಲ್ (ವಿಶೇಷ ಜೋರಿನ ಏಟು) ಬಿದ್ದರೆ ಅರ್ಧ ಐಕಾನ್ ಮಾತ್ರ ಖರ್ಚು. ಗುರಿ ತಪ್ಪಿದರೆ ಎರಡು ಹೋಗುತ್ತವೆ. ಏಟನ್ನು ಹೀರುವ ಅಥವಾ ತಿರುಗಿಸುವ ಎದುರಾಳಿಗೆ ಹೊಡೆದಿರೋ, ಇದ್ದದ್ದೆಲ್ಲ ಖಾಲಿ. ಅದೇ ನಿಯಮ ಎದುರಾಳಿಗಳಿಗೂ ಅನ್ವಯ ಅನ್ನುವುದು ಇದರ ಜೀವಾಳ. ಹಾಗಾಗಿ ನಿಮ್ಮ ಪಾರ್ಟಿಯಲ್ಲಿ ಒಬ್ಬನಿಗೆ ಬೆಂಕಿ ಆಗಿಬರದಿದ್ದರೆ ಆ ದೌರ್ಬಲ್ಯ ನಾಲ್ವರ ತಲೆಗೂ ಬರುತ್ತದೆ. ಇಲ್ಲಿ ಲೆವೆಲ್ ಏರಿಸುತ್ತಾ ಕೂರುವುದಕ್ಕಿಂತ ಪಾರ್ಟಿಯನ್ನು ಬದಲಿಸುವುದು ಲಾಭ.

ಇದೇ ಸಾಲಿನಲ್ಲಿ ಒಂದು ಮಾತು: ಸ್ಕ್ರೀನ್ ಮೇಲಿನ ಶೇಕಡಾವಾರನ್ನು ಕಣ್ಣುಮುಚ್ಚಿ ನಂಬಬೇಡಿ. 2002ರ ಫೈರ್ ಎಂಬ್ಲಮ್‌ನಿಂದ ಆ ಸರಣಿಯ ಹಲವು ಆಟಗಳು ಹೊಡೆತ ತಗಲುತ್ತದೆಯೇ ಎಂದು ತೀರ್ಮಾನಿಸಲು ಎರಡು ಸಂಖ್ಯೆ ಎತ್ತಿ ಸರಾಸರಿ ತೆಗೆಯುತ್ತವೆ. 75 ಎಂದು ತೋರಿಸುವ ಹೊಡೆತ ನಿಜದಲ್ಲಿ ಸುಮಾರು 88, 25 ಎಂದದ್ದು ಸುಮಾರು 13. ಹೊಡೆತ ತಪ್ಪಿಸಿಕೊಳ್ಳುವ ಚುರುಕು ಪಾತ್ರಗಳು ಆ ಆಟಗಳಲ್ಲಿ ಲೆಕ್ಕಕ್ಕಿಂತ ಗಟ್ಟಿಯಾಗಿರುವುದು ಇದರಿಂದಲೇ.

ನಡುದಾರಿ ಎಂದು ಬಂದದ್ದು ಪಾಜ್ ಮಾಡಬಹುದಾದ (ಬೇಕೆಂದಾಗ ತಡೆದು ನಿಲ್ಲಿಸಬಹುದಾದ) ರಿಯಲ್ ಟೈಮ್. 1998ರ ಬಾಲ್ಡರ್ಸ್ ಗೇಟ್ 6 ಸೆಕೆಂಡಿನ ಸುತ್ತುಗಳನ್ನು ಒಳಗೊಳಗೇ ಓಡಿಸಿ ಹೊರಗೆ ಎಲ್ಲವನ್ನೂ ಒಟ್ಟಿಗೆ ನಡೆಸಿತು. ಇಲ್ಲಿ ಕೆಡುವುದು ಹೆಚ್ಚಾಗಿ ಒಂದೇ ಕಡೆ: ಫೈರ್‌ಬಾಲ್ ಮಂತ್ರ ಶುರುವಾದಾಗ ನಿಮ್ಮವನು ದೂರ ಇದ್ದ, ಸಿಡಿಯುವಾಗ ಅವನೇ ನಡುವೆ. ಆಟ ತಾನಾಗಿ ನಿಲ್ಲುವ ಆಟೋ-ಪಾಜ್‌ನಲ್ಲಿ ಶತ್ರು ಕಂಡಾಗ, ಸ್ಪೆಲ್ ಮುಗಿದಾಗ, ಜೀವ ಇಳಿದಾಗ ಎಂಬ ಮೂರನ್ನು ಆನ್ ಮಾಡಿಕೊಂಡರೆ ಅರ್ಧ ಸಂಕಟ ತಪ್ಪುತ್ತದೆ. 2015ರ ಪಿಲ್ಲರ್ಸ್ ಆಫ್ ಎಟರ್ನಿಟಿ ಇದಕ್ಕೆ ಒಂದು ಜಾಣ ಉಪಾಯ ಹೂಡಿತು: ಇಂಟಲೆಕ್ಟ್‌ನಿಂದ (ಪಾತ್ರದ ಬುದ್ಧಿಯಿಂದ) ಹಿಗ್ಗಿದ ಸ್ಪೆಲ್‌ನ ಹೊರಸುತ್ತು ಶತ್ರುಗಳಿಗೆ ಮಾತ್ರ ತಗಲುತ್ತದೆ, ಆ ಅಂಚನ್ನೇ ಕಾದಾಟದ ಸಾಲಿನ ಮೇಲೆ ಇಟ್ಟರಾಯಿತು. ಅದರ ಮುಂದಿನ ಭಾಗ ಡೆಡ್‌ಫೈರ್‌ಗೆ 2019ರಲ್ಲಿ ಟರ್ನ್-ಬೇಸ್ಡ್ ಮೋಡ್ ಸೇರಿಸಿದಾಗ ಇನ್ನೊಂದು ವಿಷಯ ಹೊರಬಿತ್ತು. ಬೇಗ ಬೀಸುವ ಕಠಾರಿಯೂ ನಿಧಾನದ ದೊಡ್ಡ ಖಡ್ಗವೂ ರಿಯಲ್ ಟೈಮ್‌ನಲ್ಲಿ ಸರಿತೂಗುವುದು ಹೊಡೆತಗಳ ಸಂಖ್ಯೆಯಿಂದ. ಸರದಿಗೆ ಒಂದು ಹೊಡೆತ ಎಂದಾದ ಮೇಲೆ ಖಡ್ಗ ಹಿಡಿದವನಿಗೇ ಲಾಭ. ಒಂದು ವೇಗಕ್ಕೆ ಹೊಲಿದ ನಿಯಮ ಇನ್ನೊಂದಕ್ಕೆ ಹಾಗೇ ಕೂರುವುದಿಲ್ಲ.

ಇನ್ನು ಆ್ಯಕ್ಷನ್. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದು ಫ್ರೇಮ್‌ಗೆ ಸುಮಾರು 16.7 ಮಿಲಿಸೆಕೆಂಡ್. ಕಣ್ಣಿಗೆ ಬಿದ್ದದ್ದಕ್ಕೆ ಬೆರಳು ಓಗೊಡಲು ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡ್ ಬೇಕು, ಅಂದರೆ 12ರಿಂದ 15 ಫ್ರೇಮ್. ಅದಕ್ಕಿಂತ ಬೇಗ ಬರುವ ಏಟನ್ನು ನೋಡಿ ತಪ್ಪಿಸಿಕೊಳ್ಳಲು ಯಾರಿಂದಲೂ ಆಗದು. ಮೊದಲೇ ಊಹಿಸಿರಬೇಕು, ಇಲ್ಲವೇ ಅದು ತಾಕದ ಜಾಗದಲ್ಲಿ ನಿಂತಿರಬೇಕು. ಯಾವ ಹೊಡೆತದ ನಂತರ ಬಾಸ್ (ದೊಡ್ಡ ಶತ್ರು) ಎಷ್ಟು ಹೊತ್ತು ಬಯಲಾಗಿರುತ್ತಾನೆ ಅನ್ನುವ ಪಟ್ಟಿ ತಲೆಯಲ್ಲಿದ್ದರೆ ಅದು ತಂತ್ರವಲ್ಲದೆ ಮತ್ತೇನು? ಟಿವಿಯಲ್ಲಿ ಚಿತ್ರ ತಡವಾಗುವುದನ್ನು ತಗ್ಗಿಸುವ ಗೇಮ್ ಮೋಡ್ ಆನ್ ಇಲ್ಲದಿದ್ದರೆ ಮಾತ್ರ ಈ ಲೆಕ್ಕವೆಲ್ಲ ಹಾಳು. 50 ಮಿಲಿಸೆಕೆಂಡ್ ತಡವಾದರೂ 3 ಫ್ರೇಮ್ ಕೈಬಿಟ್ಟಂತೆ.

2022ರ ಎಲ್ಡನ್ ರಿಂಗ್‌ನಲ್ಲಿ ಹೊಸಬರು ಮಾರ್ಗಿಟ್ ಎಂಬ ಬಾಸ್ ಎದುರು ಸಾಯುವ ರೀತಿ ಗಮನಿಸಿ. ಅವನು ಕೋಲು ಎತ್ತುತ್ತಾನೆ, ಎತ್ತಿದ್ದೇ ತಡ ಇವರು ಉರುಳುತ್ತಾರೆ. ಕೋಲು ಅಲ್ಲೇ ತಡೆದು ನಿಲ್ಲುತ್ತದೆ, ಇವರು ಎದ್ದು ನಿಂತಾಗ ಬೀಳುತ್ತದೆ. ನೋಡಬೇಕಾದ್ದು ಕೈ ಮೇಲೇರುವುದನ್ನಲ್ಲ, ಇಳಿಯಲು ಶುರುವಾಗುವುದನ್ನು. ಇನ್ನೊಂದು ಸೂಕ್ಷ್ಮ: ಉರುಳುವ ಬಟನ್ನನ್ನೇ ಒತ್ತಿ ಹಿಡಿದರೆ ಓಟ, ಆದ್ದರಿಂದ ಉರುಳುವಿಕೆ ಶುರುವಾಗುವುದು ಬಟನ್ ಬಿಟ್ಟಾಗ, ಒತ್ತಿದಾಗ ಅಲ್ಲ. ಗಾಬರಿಯಲ್ಲಿ ಬಿಗಿಯಾಗಿ ಒತ್ತಿ ಹಿಡಿಯುವವರು ಅಲ್ಲೇ ತಡವಾಗುತ್ತಾರೆ. ಎರಡೆರಡು ಸಲ ಒತ್ತಿದರೆ ಎರಡನೆಯದು ಸಾಲಿನಲ್ಲಿ ಕಾದು, ಬೇಡದ ಹೊತ್ತಲ್ಲಿ ನಿಮ್ಮನ್ನು ಮತ್ತೆ ಉರುಳಿಸುತ್ತದೆ. ಹೊತ್ತ ಭಾರ ಮಿತಿಯ ಶೇ. 70 ದಾಟಿದರೆ ಉರುಳುವುದು ಭಾರವಾಗುತ್ತದೆ, ಶೇ. 30ರ ಕೆಳಗಿದ್ದರೆ ದೂರ ಹೋಗುತ್ತದೆ. ಒಂದು ಜೊತೆ ಕೈಗವಚ ತೆಗೆದಿಟ್ಟು 71ರಿಂದ 69ಕ್ಕೆ ಇಳಿಯುವುದು ಎಷ್ಟೋ ಸಲ ಹೊಸ ಕತ್ತಿಗಿಂತ ದೊಡ್ಡ ಅಪ್‌ಗ್ರೇಡ್. ಔಷಧಿ ಕುಡಿಯುವ ಹೊತ್ತೂ ಹಾಗೇ. ದೂರ ಓಡಿಹೋಗಿ ಕುಡಿದರೆ ಕೆಲವು ಬಾಸ್‌ಗಳು ಆ ಕ್ಷಣಕ್ಕೇ ಹಾರಿ ಬರುತ್ತವೆ. ಅವುಗಳ ದೊಡ್ಡ ಹೊಡೆತ ಮುಗಿದ ಬೆನ್ನಿಗೆ ಕುಡಿಯಬೇಕು, ಅಂದರೆ ಒಂದು ಏಟು ಹಾಕುವ ಅವಕಾಶವನ್ನು ಜೀವಕ್ಕೆ ಮಾರಿಕೊಳ್ಳಬೇಕು.

ಈ ಆಟದಲ್ಲಿ ಆಳ ಇರುವುದು ಬೀಸಿದ ಕತ್ತಿಯನ್ನು ಹಿಂದೆಗೆಯಲು ಬಾರದ್ದರಿಂದ. ಎಲ್ಲ ಹೊಡೆತವನ್ನೂ ನಡುವೆ ರದ್ದು ಮಾಡಿ ಜಿಗಿಯಬಹುದಾದ ಆ್ಯಕ್ಷನ್ ಆರ್‌ಪಿಜಿಗಳಲ್ಲಿ ತಪ್ಪಿಗೆ ಬೆಲೆಯೇ ಇಲ್ಲ, ಹಾಗಾಗಿ ಆಯ್ಕೆಗೂ ಇಲ್ಲ. ಕಣ್ಣಿಗೆ ಹಬ್ಬ, ಅಷ್ಟೇ.

ಎರಡೂ ಬಗೆಯನ್ನು ಬೆರೆಸಿದ ಆಟಗಳ ಪೈಕಿ 2025ರ ಕ್ಲೇರ್ ಅಬ್ಸ್‌ಕ್ಯೂರ್: ಎಕ್ಸ್‌ಪೆಡಿಶನ್ 33 ಸರದಿಯ ಆಟಕ್ಕೆ ಡಾಡ್ಜ್ (ತಪ್ಪಿಸಿಕೊಳ್ಳುವುದು), ಪ್ಯಾರಿ (ಏಟನ್ನು ತಡೆದು ತಳ್ಳುವುದು) ಸೇರಿಸಿತು. ಡಾಡ್ಜ್‌ನ ಕಿಂಡಿ ಅಗಲ, ಪ್ಯಾರಿಯದು ಇಕ್ಕಟ್ಟು, ಆದರೆ ಪ್ಯಾರಿ ಎಪಿ (ಸ್ಕಿಲ್ ಬಳಸಲು ಬೇಕಾದ ಪಾಯಿಂಟ್) ಕೊಡುತ್ತದೆ. ಹೊಸ ಶತ್ರುವಿಗೆ ಮೊದಲು ಡಾಡ್ಜ್ ಮಾತ್ರ ಮಾಡಿ. ಪರ್ಫೆಕ್ಟ್ ಎಂದು ಬರತೊಡಗಿದರೆ ಪ್ಯಾರಿಯ ಹೊತ್ತು ಸಿಕ್ಕಿದೆ ಎಂದರ್ಥ. ಕೊರತೆಯೂ ಇಲ್ಲೇ ಇದೆ: ಎಲ್ಲವನ್ನೂ ಪ್ಯಾರಿ ಮಾಡಬಲ್ಲವರಿಗೆ ರಕ್ಷಣೆಗೆಂದು ಪಾತ್ರ ಕಟ್ಟುವ ಬಿಲ್ಡ್‌ಗಳು ಕೆಲಸಕ್ಕೆ ಬಾರದೆ, ಪಾಯಿಂಟ್‌ಗಳೆಲ್ಲ ಡ್ಯಾಮೇಜ್ ಕಡೆಗೇ ಹರಿಯುತ್ತವೆ.

2020ರ ಫೈನಲ್ ಫ್ಯಾಂಟಸಿ 7 ರೀಮೇಕ್ ನನ್ನ ಮಟ್ಟಿಗೆ ಹೆಚ್ಚು ಹದವಾಗಿದೆ. ಸಾಮಾನ್ಯ ಏಟುಗಳು ಎಟಿಬಿ ಎಂಬ ಅಳತೆಪಟ್ಟಿಯನ್ನು ತುಂಬುತ್ತವೆ; ಸ್ಪೆಲ್, ಸ್ಕಿಲ್, ಕೊನೆಗೆ ಒಂದು ಪೋಷನ್ನಿಗೂ ಅದೇ ಖರ್ಚು. ಮೆನು ತೆರೆದರೆ ಕಾಲ ಬಹುತೇಕ ನಿಲ್ಲುತ್ತದೆ. ನೀವು ಆಡಿಸದ ಪಾತ್ರಗಳಿಗೆ ಎಟಿಬಿ ನಿಧಾನ ತುಂಬುವುದರಿಂದ ಪಾತ್ರ ಬದಲಿಸುತ್ತಲೇ ಇರಬೇಕು. ಮಂತ್ರದ ನಡುವೆ ಏಟು ತಿಂದರೆ ಆ ಎಟಿಬಿ ವ್ಯರ್ಥ, ಹಾಗಾಗಿ ಶತ್ರು ಇನ್ನೊಬ್ಬರತ್ತ ತಿರುಗಿದಾಗಲೇ ಸ್ಪೆಲ್. ಪಾರ್ಟಿಯಲ್ಲಿ ಯಾರಾದರೊಬ್ಬರ ಬಳಿ ಒಂದು ಎಟಿಬಿ ಚಿಕಿತ್ಸೆಗೆಂದು ಮೀಸಲಿರಲಿ. ಸ್ಟ್ಯಾಗರ್ ಆದ (ಏಟು ತಿಂದು ತತ್ತರಿಸಿದ) ಶತ್ರುವಿಗೆ ಡ್ಯಾಮೇಜ್ ಶೇ. 160ರಿಂದ ಶುರು, ಅದಕ್ಕೆ ಮುಂಚೆ ದೊಡ್ಡ ಸ್ಕಿಲ್ ಸುರಿದವರು ಗಳಿಸಿದ್ದನ್ನು ಅಗ್ಗಕ್ಕೆ ಕೊಟ್ಟಂತೆ. ಬೆರಳು ಅಷ್ಟು ಚುರುಕಿಲ್ಲ ಎನ್ನುವವರಿಗೆ ಕ್ಲಾಸಿಕ್ ಮೋಡ್ ಇದೆ: ಹೊಡೆಯುವುದು, ತಡೆಯುವುದು ಪಾತ್ರಗಳೇ ಮಾಡಿಕೊಳ್ಳುತ್ತವೆ, ಎಟಿಬಿಯನ್ನು ಎಲ್ಲಿ ಖರ್ಚು ಮಾಡಬೇಕೆಂಬುದಷ್ಟೇ ನಿಮ್ಮ ಪಾಲು. ಮೂಲ ಆವೃತ್ತಿಯಲ್ಲಿ ಅದು ಸುಲಭ ಮಟ್ಟಕ್ಕೆ ಮಾತ್ರ ಅಂಟಿಕೊಂಡಿತ್ತು. 2021ರ ಇಂಟರ್‌ಗ್ರೇಡ್‌ನಲ್ಲಿ ನಾರ್ಮಲ್ ಮಟ್ಟಕ್ಕೂ ಬಂತು, ಆಡುವುದಾದರೆ ಅದರಲ್ಲೇ ಆಡಿ.